ಮೊದಲು ಕೋನ, ಆಮೇಲೆ ಫೋಟೊ

ಸ್ನೇಹಿತರೆ, ಮೊದಲು ಒಂದು ಪದದ ತಕರಾರು. ಹಿಮ ಬೀಳುವುದು ಹಿಮಪಾತ. ಬಿದ್ದ ಹಿಮ ಇಳಿಜಾರಿನಿಂದ ಜಾರಿ ಬರುವುದು ಹಿಮಕುಸಿತ. ಪತ್ರಿಕೆಗಳು ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತವೆ. ಡಿಸೆಂಬರಿನಲ್ಲಿ ಹಿಮಾಲಯಕ್ಕೆ ಹೊರಟಿರುವ ನೀವು ಹಾಗೆ ಮಾಡಬೇಡಿ.

ನಮ್ಮಲ್ಲಿ ಈ ಮಾತು ಬಂದಕೂಡಲೇ ನೆನಪಾಗುವವರು ಬೆಟದೂರಿನ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿ 3, ಸಿಯಾಚಿನ್, ಸುಮಾರು 19,600 ಅಡಿ ಎತ್ತರ, ಹಿಮಕುಸಿತದಡಿ ಹೂತುಹೋದ ಹತ್ತು ಯೋಧರು. ರಾಡಾರ್, ನಾಯಿ, ಹಿಮ ಕೊರೆಯುವ ಯಂತ್ರ ಎಲ್ಲ ಸೇರಿ ಹುಡುಕಿದಾಗ ಇವರೊಬ್ಬರು ಆರನೇ ದಿನ ಉಸಿರಾಡುತ್ತಿದ್ದರು. 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಮೂರು ದಿನ ಹರಕೆ ಹೊರದ ಊರಿಲ್ಲ. ಆದರೆ ‘ಆರು ದಿನ ಬದುಕಬಹುದು’ ಎಂದು ಪಾಠ ಕಲಿಯುವವರು ಜೊತೆಗಿದ್ದ ಒಂಬತ್ತು ಮಂದಿಯನ್ನು ಮರೆತಿರುತ್ತಾರೆ. ಸ್ವಿಟ್ಜರ್ಲೆಂಡಿನ ದಾಖಲೆ ನೋಡಿ: ಹತ್ತು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುತ್ತಾರೆ, ಅರ್ಧ ಗಂಟೆಗೆ ಮೂರು. ಅಷ್ಟರಲ್ಲಿ ಹೆಲಿಕಾಪ್ಟರ್ ಬರುವುದಿಲ್ಲ. ಅಗೆಯಬೇಕಾದವರು ಪಕ್ಕದಲ್ಲಿರುವವರೇ.

ಅದಕ್ಕೇ ನನ್ನ ಹಳೇ ರಾಗ: ಕೋನ ನೋಡಿ. ಹಲಗೆಯಂತೆ ಒಡೆದು ಜಾರುವ ಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಆಗುತ್ತವೆ. ಕೋಲನ್ನು ಇಳಿಜಾರಿನ ಗುಂಟ ಮಲಗಿಸಿ, ಮೇಲೆ ಮೊಬೈಲ್ ಇಡಿ, ಕೋನ ತೋರಿಸುತ್ತದೆ. ನಿಮ್ಮ ಕಾಲಡಿಯದ್ದು ಸಾಲದು, ತಲೆಯ ಮೇಲಿನದ್ದೂ ಬೇಕು. ಸಪಾಟಾದ ಜಾಗದಲ್ಲಿ ಟೆಂಟ್ ಹೊಡೆದವರೂ ಮೇಲಿನಿಂದ ಬಂದ ಹಿಮಕ್ಕೆ ಸಿಕ್ಕಿದ್ದಾರೆ.

ಒಳಗೆ ನಡೆಯುವುದೇನು? ತೆಳ್ಳಗಿನ ಹಿಮ, ಕೊರೆವ ಚಳಿ. ಆಗ ತಳದ ಹಿಮ ಸಕ್ಕರೆ ಹರಳಿನಂತಾಗಿ ಒಂದಕ್ಕೊಂದು ಅಂಟುವುದಿಲ್ಲ. ಅದರ ಮೇಲೆ ಗಾಳಿ ತಂದು ಒತ್ತಿದ ಗಟ್ಟಿ ಪದರ. ಚಿರೋಟಿ ರವೆಯ ಮೇಲೆ ಕಡಪ ಕಲ್ಲು ಇಟ್ಟ ಹಾಗೆ. ಹೆಜ್ಜೆಯಿಟ್ಟಾಗ ‘ಹುಂಫ್’ ಎಂದು ಕುಸಿದ ಸದ್ದು ಬಂದರೆ, ಬಿರುಕು ಮುಂದಕ್ಕೆ ಓಡಿದರೆ, ಬಂದ ದಾರಿಯಲ್ಲೇ ವಾಪಸ್ಸು. ಪರೀಕ್ಷೆ ಬೇಕೆನ್ನುವವರು ಹಿಮದಲ್ಲೇ 30 ಸೆಂಟಿಮೀಟರ್ ಚೌಕದ ಕಂಬ ಕಡಿದು, ಮೇಲೆ ಸಲಿಕೆಯಿಟ್ಟು ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು ಏಟು ಹಾಕುತ್ತಾರೆ. ಮೊದಲ ಹತ್ತರಲ್ಲೇ ಪದರ ಜಾರಿದರೆ ಹೆದರಬೇಕು. ಜಾರಲಿಲ್ಲ ಎಂದು ಧೈರ್ಯ ಪಡಬೇಡಿ, ಅದು ಆ ಒಂದು ಗುಂಡಿಯ ಕಥೆ ಮಾತ್ರ.

ಅಗೆಯುವಾಗ ಎಲ್ಲರೂ ಮಾಡುವ ತಪ್ಪು, ಹೂತವರನ್ನು ಹುಡುಕಲು ಹಿಮಕ್ಕೆ ಚುಚ್ಚುವ ಶೋಧಕ ಕೋಲು ತಾಗಿದ ಕಡೆಯೇ ನೇರ ಕೆಳಕ್ಕೆ ಬಾವಿ ತೋಡುವುದು. ಕುಸಿದ ಹಿಮ ಘನ ಮೀಟರಿಗೆ 300ರಿಂದ 500 ಕಿಲೋ. ಬಾವಿಯಿಂದ ಎಷ್ಟೆಂದು ಎತ್ತುತ್ತೀರಿ? ಜೊತೆಗೆ ಸಿಕ್ಕಿಬಿದ್ದವರ ಎದೆಯ ಮೇಲೇ ನೀವು ನಿಂತಿರುತ್ತೀರಿ. ಕೋಲು ಅಲ್ಲೇ ಇರಲಿ. ಆಳದ ಒಂದೂವರೆ ಪಟ್ಟು ದೂರ ಇಳಿಜಾರಿನ ಕೆಳಗೆ ಹೋಗಿ, ಅಲ್ಲಿಂದ ಕೋಲಿನ ಕಡೆಗೆ ಅಡ್ಡಕ್ಕೆ ಅಗೆಯಿರಿ. ಮೊದಲು ಮುಖ, ಬಾಯಿ.

ಚೀಟಿ ಬಂತು, ಎರಡು ನಿಮಿಷವಂತೆ. ಬೇಗ ಹೇಳುತ್ತೇನೆ. ಅಪಾಯದ ಜಾಗ ಒಬ್ಬೊಬ್ಬರಾಗಿ ದಾಟಿ. ಟ್ರಾನ್ಸೀವರ್, ಅಂದರೆ ಹೂತವರನ್ನು ಪತ್ತೆ ಹಚ್ಚುವ ರೇಡಿಯೊ ಸಾಧನ, ಹಿಡಿದು ಹುಡುಕುವಾಗ ಮೊಬೈಲ್ ಅದರಿಂದ 50 ಸೆಂಟಿಮೀಟರ್ ದೂರವಿರಲಿ. ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಕೊಡುವ ಹಿಮಕುಸಿತದ ಮುನ್ಸೂಚನೆ ಓದಿ. ಅದರ ಐದು ಅಪಾಯದ ಹಂತಗಳಲ್ಲಿ ಮೂರನೆಯದು ಅಂದರೆ ‘ನಡುಮಟ್ಟ, ಪರವಾಗಿಲ್ಲ’ ಅಂತಲ್ಲ.

ಕಾಫಿ ಕೆಳಗಿದೆ. ಇಳಿಯುವಾಗ ಮೆಟ್ಟಿಲ ಕಂಬಿಯ ಮೇಲೆ ಮೊಬೈಲ್ ಇಟ್ಟು ಕೋನ ನೋಡಿ. ಮೂವತ್ತರ ಆಸುಪಾಸು ಬರುತ್ತದೆ.