ಮೊದಲು ಕಣ್ಣು, ಆಮೇಲೆ ದನಿ

ಕೇಳುಗರಿಗೆ ನಮಸ್ಕಾರ.

ಮುಂಬೈ ಕಡೆಯ ಡೊಂಬಿವಲಿಯಲ್ಲಿರಲಿ, ಮುಲುಂಡಿನಲ್ಲಿರಲಿ, ಎರಡನೇ, ಮೂರನೇ ತರಗತಿಯ ನಮ್ಮ ಮಕ್ಕಳಿಗೆ ಕನ್ನಡ ಓದಲು ಕೊಟ್ಟು ನೋಡಿ. ಅಕ್ಷರ ತಪ್ಪದಿದ್ದರೂ ಎಷ್ಟೋ ಸಲ ಓದು ಒಂದೇ ರಾಗ. ಸಾಲು ಮುಗಿದಲ್ಲಿ ನಿಲ್ಲುತ್ತಾರೆ, ವಾಕ್ಯ ಮುಗಿದಲ್ಲಿ ನಿಲ್ಲುವುದಿಲ್ಲ. ಹಿಂದಿ ಪುಸ್ತಕದ ಪೂರ್ಣವಿರಾಮ ಎದ್ದು ಕಾಣುವ ನೆಟ್ಟಗಿನ ಗೀಟು. ಕನ್ನಡದ್ದು ಅಡಿಯಲ್ಲಿ ಕೂತ ಸಣ್ಣ ಚುಕ್ಕೆ, ಕಣ್ತಪ್ಪಿ ಹೋಗುತ್ತದೆ.

ಹಾಗಾಗಿ ಮೊದಲು ಕಣ್ಣಿಗೆ ಕೆಲಸ ಕೊಡಿ. 50 ಪದ ಮೀರದ ಒಂದು ಭಾಗ ಆರಿಸಿ. ಪೂರ್ಣವಿರಾಮಕ್ಕೆ ಮಗುವೇ ಕೆಂಪು ಪೆನ್ಸಿಲ್ಲಿನಲ್ಲಿ ಸುತ್ತು ಹಾಕಲಿ, ಅಲ್ಪವಿರಾಮಕ್ಕೆ ನೀಲಿಯಲ್ಲಿ. ಮಗು ಓದುವಾಗ ಅಲ್ಪವಿರಾಮಕ್ಕೆ ನೀವು ಮೇಜು ಒಮ್ಮೆ ತಟ್ಟಿ, ಪೂರ್ಣವಿರಾಮಕ್ಕೆ ಎರಡು ಸಲ. ನಾಲ್ಕೈದು ದಿನಕ್ಕೆ ತಟ್ಟುವುದು ನಿಲ್ಲಿಸಿ, ಇಲ್ಲವಾದರೆ ಮಗು ಚಿಹ್ನೆ ನೋಡದೆ ತಟ್ಟುವುದಕ್ಕೇ ಕಾಯುತ್ತದೆ. ಪದಪದಕ್ಕೂ ಬೆರಳಿಡುವ ರೂಢಿಯನ್ನೂ ಮೆಲ್ಲಗೆ ಬಿಡಿಸಿ. ಬೆರಳು ನಿಂತಲ್ಲೆಲ್ಲ ದನಿಯೂ ನಿಲ್ಲುತ್ತದೆ.

ಪ್ರಶ್ನಾರ್ಥಕ ಕಂಡರೆ ಕೊನೆಯಲ್ಲಿ ದನಿ ಏರಿಸು ಎಂದು ಹೇಳಿಕೊಡುವುದು ಅರ್ಧ ಮಾತ್ರ ಸರಿ. "ಲೋಕಲ್ ರೈಲು ಬಂತಾ?" ಎಂಬಲ್ಲಿ ಕೊನೆಯ 'ತಾ' ಏರುತ್ತದೆ. "ಲೋಕಲ್ ಎಷ್ಟು ಹೊತ್ತಿಗೆ ಬಂತು?" ಎಂಬಲ್ಲಿ ಒತ್ತು 'ಎಷ್ಟು' ಎಂಬುದರ ಮೇಲೆ, ಕೊನೆ ಇಳಿದರೂ ಅದು ಪ್ರಶ್ನೆಯೇ. ಎರಡನ್ನೂ ಒಂದರ ಹಿಂದೊಂದು ಹೇಳಿಸಿ. ಇನ್ನು ಭಾವಸೂಚಕವೆಂದರೆ ಕಿರುಚುವುದಲ್ಲ. ಅಬ್ಬಾ, ಅಯ್ಯೋ, ಛೇ, ಒಂದೊಂದಕ್ಕೂ ಬೇರೆ ದನಿ.

ಎಲ್ಲಕ್ಕಿಂತ ಕಷ್ಟ ಉದ್ಧರಣ ಚಿಹ್ನೆಯದು. ಈ ವಾಕ್ಯ ಕೇಳಿ: "ಬಾಗಿಲು ತೆಗೀಬೇಡ" ಎಂದು ಅಜ್ಜಿ ಪಿಸುಗುಟ್ಟಿದಳು. ಮಾತು ಮೊದಲು ಬಂತು. ಆಡಿದ್ದು ಯಾರು, ಹೇಗೆ ಎಂಬುದು ಆಮೇಲೆ. ಮಗು ಗಟ್ಟಿಯಾಗಿ ಓದಿ ಮುಗಿಸಿದ ಮೇಲೆ 'ಪಿಸುಗುಟ್ಟಿದಳು' ಎದುರಾಗುತ್ತದೆ! ದಯವಿಟ್ಟು ಗದರಬೇಡಿ, ಕನ್ನಡ ವಾಕ್ಯದ ನಡೆಯೇ ಹಾಗೆ, ಕ್ರಿಯಾಪದ ಸಾಮಾನ್ಯವಾಗಿ ಕೊನೆಗೇ ಬರುವುದು. ಬಾಯಿ ತೆರೆಯುವ ಮುನ್ನ ಮಗು ವಾಕ್ಯದ ಕೊನೆಯವರೆಗೆ ಕಣ್ಣು ಹಾಯಿಸಲಿ. "ಯಾರು ಅಂದದ್ದು ಪುಟ್ಟಾ? ಹೇಗೆ ಅಂದಳು?" ಎಂದು ಕೇಳಿ. ಉತ್ತರ ಸಿಕ್ಕ ಮೇಲೆ ಓದಲಿ.

ದಿನಕ್ಕೆ 10 ನಿಮಿಷ ಸಾಕು. ಒಂದು ಸಲ ನೀವು ಓದಿ, ಇನ್ನೊಂದು ಸಲ ಇಬ್ಬರೂ ಕೂಡಿ, ಮೂರನೆಯ ಸಲ ಮಗು ಒಂದೇ. ಆಗ ಪುಸ್ತಕ ನೋಡದೆ, ಕಣ್ಣು ಮುಚ್ಚಿ ಕೇಳಿ. ಪಿಸುಗುಟ್ಟಿದ್ದು ದನಿಯಲ್ಲೇ ಗೊತ್ತಾಗಬೇಕು. ಆಗದಿದ್ದರೆ ಆ ಒಂದು ವಾಕ್ಯ ಮಾತ್ರ ಮತ್ತೆ ಓದಿಸಿ, ಇಡೀ ಪುಟವನ್ನಲ್ಲ.

ನಮಸ್ಕಾರ.