ರೋಡ್ ಟ್ರಿಪ್ ಕಾದಂಬರಿ: ಕಾರು ಎಲ್ಲಿ ನಿಲ್ಲಬೇಕು, ಯಾಕೆ ನಿಲ್ಲಬೇಕು

ನಮಸ್ಕಾರ. ಇಬ್ಬರು ಮೂವರು ಒಂದು ಕಾರಿನಲ್ಲಿ ಕೂತು ಸಣ್ಣ ಊರುಗಳನ್ನು ದಾಟುತ್ತಾ ಹೋಗುವ ಕಾದಂಬರಿ ಇದೆಯಲ್ಲ, ಅದನ್ನು ಬರೆಯುತ್ತಿರುವವರಿಗಾಗಿ ಇವತ್ತಿನ ವಿಡಿಯೋ. ಈ ಬಗೆಯ ಹಸ್ತಪ್ರತಿ ಸೊರಗುವ ಜಾಗ ಮೂರನೇ ಊರು. ಮೊದಲ ಊರಿನಲ್ಲಿ ಒಬ್ಬ ಹಿರಿಯರು ಸಿಕ್ಕಿ ಬುದ್ಧಿಮಾತು ಹೇಳಿರುತ್ತಾರೆ, ಎರಡನೇ ಊರಿನಲ್ಲಿ ಮಳೆ ಬಂದಿರುತ್ತದೆ, ಮೂರನೇ ಊರಿನಲ್ಲಿ ಮತ್ತೊಬ್ಬ ಹಿರಿಯರು, ಮತ್ತೊಂದು ಬುದ್ಧಿಮಾತು. ಊರುಗಳ ಕ್ರಮ ಅದಲುಬದಲು ಮಾಡಿದರೂ ಕತೆ ಹಾಗೇ ಓದಿಸಿಕೊಂಡು ಹೋಗುತ್ತದೆ. ಹಾಗಾಗಿದ್ದರೆ ಅಲ್ಲಿ ಪ್ರಯಾಣವಿದೆ, ಕಾದಂಬರಿ ಇಲ್ಲ.

ಎಷ್ಟು ದೂರ ಹೋದರು ಅನ್ನುವುದರಿಂದ ಪಾತ್ರ ಬದಲಾಗುವುದಿಲ್ಲ. ಎಲ್ಲಿ ನಿಲ್ಲಬೇಕಾಯಿತು, ಯಾರ ಯಾವ ಗುಣದಿಂದ ನಿಲ್ಲಬೇಕಾಯಿತು ಅನ್ನುವುದೇ ಮುಖ್ಯ. ಈ ವಿಡಿಯೋ ಪೂರ್ತಿ ಅದರ ಸುತ್ತಲೇ ಇದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಕ್ಕನಿಗೆ 42, ತಮ್ಮನಿಗೆ 35. ಆರು ವರ್ಷದಿಂದ ಮಾತಿಲ್ಲ. ತೀರಿಕೊಂಡ ಅಪ್ಪನ ಹಳೇ ಕಾರನ್ನು ಯಾರೋ ಕೊಂಡಿದ್ದಾರೆ; 1,400 ಕಿಲೋಮೀಟರ್ ದೂರ ಓಡಿಸಿಕೊಂಡು ಹೋಗಿ ಒಪ್ಪಿಸಬೇಕು.

ಕತೆ ಶುರು ಮಾಡುವ ಮೊದಲು ಲೆಕ್ಕ. ಸಣ್ಣ ರಸ್ತೆಗಳಲ್ಲಿ, ಅಲ್ಲಲ್ಲಿ ನಿಂತು ಹೋಗುವವರ ಸರಾಸರಿ ವೇಗ ಗಂಟೆಗೆ 40 ಕಿಲೋಮೀಟರ್ ಅಂತ ಹಿಡಿಯಿರಿ. ದಿನಕ್ಕೆ ಆರು ಗಂಟೆ ಓಡಿಸಿದರೆ 240. ಅಂದರೆ ಆರು ದಿನ, ನಡುವೆ ಐದು ರಾತ್ರಿ. ನಿಮ್ಮ ಊರುಗಳ ಸಂಖ್ಯೆ ಇಲ್ಲಿಂದಲೇ ಹುಟ್ಟುತ್ತದೆ. ಇಂಧನದ ಟ್ಯಾಂಕ್ 35 ಲೀಟರ್, ಲೀಟರಿಗೆ 14 ಕಿಲೋಮೀಟರ್ ಅಂದರೆ ಒಂದು ಟ್ಯಾಂಕಿಗೆ 490. ಹೊರಡುವಾಗ ತುಂಬಿಸಿದ್ದರೂ ದಾರಿಯಲ್ಲಿ ಕನಿಷ್ಠ ಎರಡು ಸಲ ತುಂಬಿಸಬೇಕು, ಮುಳ್ಳು ತಳ ಮುಟ್ಟುವವರೆಗೆ ಕಾಯದ ಸ್ವಭಾವದವರಾದರೆ ಮೂರು ಸಲ. ಮೊದಲ ಸಲ ದುಡ್ಡು ಕೊಡಲು ಯಾರು ಇಳಿದರು, ಯಾರು ಫೋನ್ ನೋಡುತ್ತಾ ಕೂತರು? ಆರು ವರ್ಷದ ಜಗಳದ ಅರ್ಧ ಭಾಗ ಆ ಒಂದು ನಿಮಿಷದಲ್ಲಿ ಓದುಗರಿಗೆ ತಲುಪುತ್ತದೆ.

ಈ ಲೆಕ್ಕಕ್ಕೆ ಒಂದು ನೋಟ್‌ಬುಕ್ ಇರಲಿ. ಪುಟಕ್ಕೊಂದು ದಿನ. ಹೊರಟ ಹೊತ್ತು, ತಲುಪಿದ ಹೊತ್ತು, ಓಡೋಮೀಟರ್ ಅಂಕಿ, ಸ್ಟೀರಿಂಗ್ ಯಾರ ಕೈಯಲ್ಲಿತ್ತು, ಯಾರ ಬಳಿ ಎಷ್ಟು ಹಣ ಉಳಿದಿದೆ, ಮತ್ತೆ ಆ ರಾತ್ರಿ ಮಲಗುವಾಗ ಯಾರಿಗೆ ಯಾರ ಮೇಲೆ ಸಿಟ್ಟಿತ್ತು. ಕೊನೆಯ ಸಾಲು ಮರೆಯಬೇಡಿ. ಮರುದಿನದ ಮೊದಲ ಮಾತು ಅದರಿಂದಲೇ ಬರಬೇಕು.

ಈಗ ಕಾರು ಕೆಡುವ ವಿಷಯ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಈ ಪ್ರಕಾರದ ಕಾದಂಬರಿಯಲ್ಲಿ ಅತಿ ಹೆಚ್ಚು ಹಾಳಾಗುವುದು ಇದೇ. "ಇದ್ದಕ್ಕಿದ್ದಂತೆ ಕಾರು ನಿಂತುಹೋಯಿತು." ಈ ವಾಕ್ಯ ಬರೆದ ಕೂಡಲೇ ಓದುಗರಿಗೆ ಲೇಖಕರ ಕೈ ಕಾಣಿಸುತ್ತದೆ. ಹಳೇ ಕಾರು ಇದ್ದಕ್ಕಿದ್ದಂತೆ ನಿಲ್ಲುವುದು ಕಡಿಮೆ. ಹೆಚ್ಚಿನ ಸಲ ಮೊದಲೇ ಸುಳಿವು ಕೊಟ್ಟಿರುತ್ತದೆ. ಆ ಸುಳಿವನ್ನು ಯಾರು ಕಂಡರು, ಕಂಡೂ ಯಾಕೆ ಸುಮ್ಮನಿದ್ದರು ಅನ್ನುವುದರಲ್ಲಿ ಪಾತ್ರವಿದೆ.

ಎಂಜಿನ್ ಬಿಸಿಯಾಗುವುದನ್ನೇ ತೆಗೆದುಕೊಳ್ಳಿ. ಮೊದಲ ಬೆಳಗ್ಗೆ ಕಾರು ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ಅಂಗೈಯಗಲ ಒದ್ದೆ, ಮೂಗಿಗೆ ಸಿಹಿ ವಾಸನೆ. ಅದು ಕೂಲೆಂಟ್, ಎಂಜಿನ್ ತಂಪಾಗಿಡುವ ದ್ರವ. ತಮ್ಮ ನೋಡುತ್ತಾನೆ, ಹೇಳುವುದಿಲ್ಲ; ಹೇಳಿದರೆ ಹೊರಡುವುದು ತಡವಾಗುತ್ತದೆ, ಅವನಿಗೆ ಈ ಕೆಲಸ ಮುಗಿದರೆ ಸಾಕಾಗಿದೆ. ಎರಡನೇ ದಿನ ಏರುದಾರಿಯಲ್ಲಿ ಟೆಂಪರೇಚರ್ ಮುಳ್ಳು ಮಧ್ಯ ದಾಟುತ್ತದೆ, ಇಳಿಜಾರಿನಲ್ಲಿ ವಾಪಸ್ಸು ಬರುತ್ತದೆ. ಮೂರನೇ ದಿನ ವಾಪಸ್ಸು ಬರುವುದಿಲ್ಲ. ಆಗ ಮಾಡಬೇಕಾದ್ದು ಏನು? ಎಸಿ ಆಫ್, ಹೀಟರ್ ಇದ್ದರೆ ಪೂರ್ತಿ ಆನ್ (ಎಂಜಿನ್ನಿನ ಒಂದಷ್ಟು ಬಿಸಿ ಆ ದಾರಿಯಲ್ಲಿ ಹೊರಬೀಳುತ್ತದೆ), ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಬಂದ್ ಮಾಡುವುದು, ಮುಕ್ಕಾಲು ಗಂಟೆಯಾದರೂ ಕಾಯುವುದು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬಾರದು; ಒಳಗೆ ಒತ್ತಡವಿರುತ್ತದೆ, ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ತಮ್ಮ ಇದ್ಯಾವುದನ್ನೂ ಮಾಡದೆ "ಇನ್ನು ಹತ್ತೇ ಕಿಲೋಮೀಟರ್ ಅಕ್ಕಾ" ಅನ್ನುತ್ತಾನೆ. ಆ ಹತ್ತು ಕಿಲೋಮೀಟರಿನಲ್ಲಿ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿಗೂ ಅದರ ಮೇಲ್ಭಾಗವಾದ ಸಿಲಿಂಡರ್ ಹೆಡ್‌ಗೂ ನಡುವೆ ಇರುವ ಸೀಲ್) ಸುಡುತ್ತದೆ. ಹಿಂದಿನಿಂದ ಬಿಳಿ ಹೊಗೆ, ಆಯಿಲ್ ಕಡ್ಡಿ ಎಳೆದು ನೋಡಿದರೆ ಹಾಲು ಬೆರೆಸಿದ ಹಾಗೆ ಮಾಸಲು.

ಈ ಕೆಡುಕು ಕತೆಗೆ ಎಷ್ಟು ಸಮಯ ಕೊಡುತ್ತದೆ ನೋಡಿ. ಪಂಕ್ಚರ್ ಆದರೆ ಅರ್ಧ ಗಂಟೆ. ಬ್ಯಾಟರಿ ಇಳಿದಿದ್ದರೆ ಇನ್ನೊಂದು ಗಾಡಿಯಿಂದ ಕೇಬಲ್ ಹಾಕಿ ಹತ್ತು ನಿಮಿಷ. ಫ್ಯಾನ್ ಬೆಲ್ಟ್‌ಗೆ ಒಂದೆರಡು ಗಂಟೆ, ಬೆಲ್ಟ್ ಸಿಕ್ಕಿದರೆ. ಕ್ಲಚ್ ಪ್ಲೇಟ್‌ಗೆ ಗೇರ್‌ಬಾಕ್ಸ್ ಇಳಿಸಬೇಕು, ಒಂದು ದಿನ. ಹೆಡ್ ಗ್ಯಾಸ್ಕೆಟ್ ಆದರೆ ಸಿಲಿಂಡರ್ ಹೆಡ್ ಬಿಚ್ಚಿ, ಬಿಸಿಗೆ ಬಾಗಿದ್ದರೆ ಯಂತ್ರದಲ್ಲಿ ಮಟ್ಟ ಮಾಡಿಸಬೇಕು. ಸಣ್ಣ ಊರಿನ ಗ್ಯಾರೇಜಿನಲ್ಲಿ ಆ ಯಂತ್ರ ಇರುವುದು ಅಪರೂಪ, ದೊಡ್ಡ ಊರಿಗೆ ಕಳಿಸಿ ತರಿಸಬೇಕು. ನಾಲ್ಕೈದು ದಿನ ಹೋಯಿತು. ನಿಮ್ಮ ಇಡೀ ನಡುಭಾಗ ಆ ನಾಲ್ಕೈದು ದಿನದಲ್ಲಿ ನಡೆಯಬಹುದು, ಮತ್ತು ಅದಕ್ಕೆ ಕಾರಣ ತಮ್ಮನ ಮೌನ. ಅಕ್ಕನಿಗೆ ಆ ಒದ್ದೆ ನೆಲದ ವಿಷಯ ಯಾವಾಗ ಗೊತ್ತಾಗುತ್ತದೆ ಅನ್ನುವುದು ನಿಮ್ಮ ಕೈಯಲ್ಲಿರುವ ದೊಡ್ಡ ಬಂಡವಾಳ. ಎರಡನೇ ದಿನಕ್ಕೇ ಅದನ್ನು ಖರ್ಚು ಮಾಡಬೇಡಿ.

ಪಂಕ್ಚರ್ ಬರೆಯುವವರಿಗೆ ಒಂದು ಮಾತು. ಮೊದಲು ಜಾಕ್ ಏರಿಸಿ, ಆಮೇಲೆ ನಟ್ ಬಿಚ್ಚಿಸುತ್ತೀರಿ; ಚಕ್ರ ನೆಲದಿಂದ ಎದ್ದಿದ್ದರೆ ಅದೇ ತಿರುಗುತ್ತದೆ, ನಟ್ ಬರುವುದಿಲ್ಲ. ಟೈರ್ ನೆಲದಲ್ಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲ ಮಾಡಬೇಕು, ಆಮೇಲೆ ಜಾಕ್. ಹಾಕುವಾಗ ಒಂದರ ನಂತರ ಪಕ್ಕದ್ದಲ್ಲ, ಎದುರಿನ ನಟ್. ಈ ಕ್ರಮ ಅಪ್ಪ ಯಾರಿಗೆ ಕಲಿಸಿದ್ದರು? ಅಕ್ಕನಿಗೆ ಗೊತ್ತು, ತಮ್ಮನಿಗೆ ಗೊತ್ತಿಲ್ಲ ಅಂತಾದರೆ, ಯಾರ ಮೇಲೆ ಅಪ್ಪನಿಗೆ ನಂಬಿಕೆ ಹೆಚ್ಚಿತ್ತು ಅಂತ ಪ್ರತ್ಯೇಕವಾಗಿ ಬರೆಯುವ ಅಗತ್ಯವೇ ಇಲ್ಲ.

ಇನ್ನು ಊರು. ನಿಮ್ಮವರು ಬರುವ ಮೊದಲೇ ಆ ಊರಿನಲ್ಲಿ ಏನೋ ನಡೆಯುತ್ತಿರಬೇಕು. ಊರಿಗೊಂದು ಪುಟ ತೆಗೆದು ಮೂರು ವಿಷಯ ಬರೆಯಿರಿ: ಬೆಳಗ್ಗೆ ಮೊದಲು ಬಾಗಿಲು ತೆರೆಯುವುದು ಯಾರು, ಇತ್ತೀಚೆಗೆ ಮುಚ್ಚಿಹೋದದ್ದು ಏನು, ಈ ವಾರ ಜನ ಯಾವುದರ ಬಗ್ಗೆ ಮಾತಾಡಿಕೊಳ್ಳುತ್ತಿದ್ದಾರೆ. ಮೆಕ್ಯಾನಿಕ್ ನಿಮ್ಮ ನಾಯಕಿಗೆ ಬದುಕಿನ ಅರ್ಥ ಹೇಳಲು ಕಾದು ಕೂತಿಲ್ಲ. ಅವನ ಮಗಳಿಗೆ ನಾಳೆ ಪರೀಕ್ಷೆ, ಮನೆಯಲ್ಲಿ ಇನ್ಯಾರೂ ಇಲ್ಲ, ಅಂಗಡಿ ಬೇಗ ಮುಚ್ಚಬೇಕು. ಅಕ್ಕ ಲೆಕ್ಕದ ಮೇಷ್ಟ್ರಾದರೆ? ಈಗ ಅವನಿಗೂ ಅವಳಿಂದ ಏನೋ ಬೇಕು. ಊರಿನವರು ಕೊಡುವವರಷ್ಟೇ ಆಗಿ ಉಳಿದಿದ್ದರಿಂದಲೇ ಆ ಬುದ್ಧಿಮಾತಿನ ಹಿರಿಯರು ಸಪ್ಪೆಯಾಗುವುದು. ಅವರೂ ಕೇಳಲಿ, ತಪ್ಪು ತಿಳಿಯಲಿ, ಸಂಜೆಯೊಳಗೆ ಈ ಇಬ್ಬರು ಯಾರು ಅಂತ ಊರೆಲ್ಲ ತಮ್ಮದೇ ಕತೆ ಕಟ್ಟಲಿ.

ಐದು ಊರಿಗೂ ಸಮಪಾಲು ಕೊಡಬೇಡಿ. 80,000 ಪದಗಳ ಕಾದಂಬರಿಯಾದರೆ ಕಾರು ಕೆಟ್ಟ ಊರಿಗೆ 25,000 ಹೋಗಲಿ, ಒಂದು ಊರು ಅರ್ಧ ಪುಟದಲ್ಲಿ ಮುಗಿಯಲಿ. ಮೊದಲ 5,000 ಪದಗಳೊಳಗೆ ಕಾರು ಮನೆಯ ಗೇಟು ದಾಟಿರಲಿ. ಹಿನ್ನೆಲೆಯನ್ನೆಲ್ಲ ಮನೆಯಲ್ಲೇ ಹೇಳಿ ಮುಗಿಸಿದರೆ ದಾರಿಯಲ್ಲಿ ಮಾತಾಡಲು ಅವರಿಗೆ ಏನೂ ಉಳಿಯುವುದಿಲ್ಲ.

ಒಂದು ಜಾಗಕ್ಕೆ ಮರಳಿ ಬರುವ ಯುಕ್ತಿ ಬಹಳ ಹಳೆಯದು. ಸ್ಪ್ಯಾನಿಷ್ ಕಾದಂಬರಿ ಡಾನ್ ಕ್ವಿಕ್ಸೋಟ್‌ನ 1605ರಲ್ಲಿ ಬಂದ ಮೊದಲ ಭಾಗದಲ್ಲಿ, ಒಂದು ವಸತಿಗೃಹದಲ್ಲಿ ತಂಗಿದ್ದ ಕೆಲವರು ನಾಯಕನ ಸೇವಕ ಸಾಂಚೊನನ್ನು ಕಂಬಳಿಯಲ್ಲಿ ಹಾಕಿ ಮೇಲಕ್ಕೆ ಎಸೆದು ಆಡಿಸುತ್ತಾರೆ. ಮುಂದೆ ಕತೆ ಅವನನ್ನು ಅದೇ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ಹಸಿವಿದ್ದರೂ ಒಳಗೆ ಹೋಗಲು ಕಾಲು ಬರುವುದಿಲ್ಲ. ಜಾಗ ಅದೇ, ಈಗ ಅವನಿಗೆ ಅದರ ನೆನಪಿದೆ. ಮುಂದಕ್ಕಷ್ಟೇ ಹೋಗುವ ದಾರಿಯಲ್ಲಿ ಇದು ಸಿಗುವುದಿಲ್ಲ. ಆದ್ದರಿಂದ ಒಮ್ಮೆಯಾದರೂ ನಿಮ್ಮವರು ಹಿಂದಕ್ಕೆ ಬರುವಂತಾಗಲಿ, ಮರೆತ ಕಾಗದಪತ್ರಕ್ಕೋ, ಕೇಳದೆ ಬಂದ ಕ್ಷಮೆಗೋ.

ಕಾರಿನೊಳಗಿನ ಸಂಭಾಷಣೆಗೆ ಬೇರೆಯದೇ ನಿಯಮವಿದೆ. ಇಬ್ಬರೂ ಒಂದೇ ಕಡೆ ಮುಖ ಮಾಡಿ ಕೂತಿರುತ್ತಾರೆ. ಮುಖ ನೋಡದೆ ಮಾತಾಡಬಹುದು ಅನ್ನುವ ಕಾರಣಕ್ಕೇ ಮನೆಯಲ್ಲಿ ಹೇಳಲಾಗದ್ದು ಅಲ್ಲಿ ಬಾಯಿಗೆ ಬರುತ್ತದೆ. ಗಂಟೆಗೆ 80ರ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. "ಅವನು ತಿರುಗಿ ಅವಳ ಕಣ್ಣುಗಳನ್ನೇ ದಿಟ್ಟಿಸಿದ" ಅಂತ ಬರೆದು ಮೂರು ಸೆಕೆಂಡ್ ಕೊಟ್ಟರೆ 66 ಮೀಟರ್ ರಸ್ತೆ ನೋಡದೆ ಓಡಿಸಿದ ಹಾಗಾಯಿತು. ದಿಟ್ಟಿಸುವುದು ಬೇಡ. ಗೇರ್ ಬದಲಿಸುವ ರಭಸ, ಕನ್ನಡಿಯಲ್ಲಿ ಒಂದು ನೋಟ, ಅಗತ್ಯವಿಲ್ಲದಾಗ ಏರಿಸಿದ ಕಿಟಕಿ ಗಾಜು, ಇವೇ ಸಾಕು. ಐದು ನಿಮಿಷದ ಮಾತಿಗೆ ಆರೇಳು ಕಿಲೋಮೀಟರ್ ಕಳೆದಿರುತ್ತದೆ, ಹೊರಗಿನ ನೋಟವೂ ಅಷ್ಟು ಬದಲಾಗಿರಲಿ.

ಚಂದ್ರನನ್ನು ತಂದರೆ ಲೆಕ್ಕವಿಟ್ಟು ತನ್ನಿ. ಅವನು ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಮೊದಲ ರಾತ್ರಿ ಹುಣ್ಣಿಮೆ ಆಗಿದ್ದರೆ ಆರನೇ ರಾತ್ರಿ ಕತ್ತಲಾಗುತ್ತಲೇ ತುಂಬುಚಂದ್ರ ಕಾಣಿಸುವಂತಿಲ್ಲ. ನಿದ್ದೆಯದೂ ಹಾಗೆಯೇ: 17 ಗಂಟೆ ಎಚ್ಚರವಿದ್ದವರ ಪ್ರತಿಕ್ರಿಯೆ, ರಕ್ತದಲ್ಲಿ ಶೇಕಡಾ 0.05 ಮದ್ಯಾಂಶ ಇರುವವರಷ್ಟು ಮಂದವಾಗಿರುತ್ತದೆ. ರಾತ್ರಿಯಿಡೀ ಓಡಿಸಿದವರ ತಲೆಯಲ್ಲಿ ಬೆಳಗಿನ ಜಾವ ಆಳವಾದ ಚಿಂತನೆ ಹುಟ್ಟುವುದಿಲ್ಲ. ಅವರು ತಿರುವು ತಪ್ಪುತ್ತಾರೆ, ಆಡಬಾರದ ಮಾತು ಆಡುತ್ತಾರೆ. ಕತೆಗೆ ಅದೇ ಹೆಚ್ಚು ಒದಗುತ್ತದೆ.

ಕೊನೆಯದಾಗಿ ಬದಲಾವಣೆ ತೋರಿಸುವುದು ಹೇಗೆ. "ಈ ಪ್ರಯಾಣ ಅವಳನ್ನು ಬದಲಿಸಿತ್ತು" ಅನ್ನುವ ವಾಕ್ಯ ನಿಮ್ಮ ಹಸ್ತಪ್ರತಿಯಲ್ಲಿದ್ದರೆ ತೆಗೆದುಬಿಡಿ. ಅದರ ಬದಲು ಕಾರಿನೊಳಗಿನ ಒಂದು ಸಣ್ಣ ಕೆಲಸವನ್ನು ಆರಿಸಿಕೊಂಡು ಮೂರು ಸಲ ಬರೆಯಿರಿ. ಅಪ್ಪ ಎತ್ತರದ ಮನುಷ್ಯ. ಚಾಲಕನ ಸೀಟು ಪೂರ್ತಿ ಹಿಂದಕ್ಕಿದೆ. ಮೊದಲ ದಿನ ಅಕ್ಕನ ಕಾಲು ಕ್ಲಚ್‌ಗೆ ಸರಿಯಾಗಿ ಎಟುಕುವುದಿಲ್ಲ. ಸೀಟಿನ ಕೆಳಗೆ ಅದನ್ನು ಸರಿಸುವ ಸನ್ನೆ (ಲಿವರ್) ಇದೆ ಅಂತ ಅವಳಿಗೆ ಗೊತ್ತು, ಆದರೂ ಬೆನ್ನಿಗೆ ದಿಂಬು ಇಟ್ಟುಕೊಂಡು ಓಡಿಸುತ್ತಾಳೆ. ಎರಡನೇ ಸಲ, ತಮ್ಮ ಓಡಿಸಲು ಕೂತಾಗ ಸೀಟು ಸರಿಸಲು ಕೈ ಹಾಕುತ್ತಾನೆ, ಅವಳು "ಮುಟ್ಟಬೇಡ" ಅನ್ನುತ್ತಾಳೆ. ಮೂರನೇ ಸಲವನ್ನು ಕೊನೆಯ ಅಧ್ಯಾಯಕ್ಕೆ ಇಡಬೇಡಿ, ಅಲ್ಲಿ ಓದುಗರು ಕಾಯುತ್ತಿರುತ್ತಾರೆ. ಗ್ಯಾರೇಜಿನಿಂದ ಕಾರು ಹೊರಬರುವ ಬೆಳಗ್ಗೆ ಇಡಿ. ಅವಳು ದಿಂಬನ್ನು ಹಿಂದಿನ ಸೀಟಿಗೆ ಹಾಕುತ್ತಾಳೆ, ಬಗ್ಗಿ ಸನ್ನೆ ಎಳೆಯುತ್ತಾಳೆ, ತುಕ್ಕು ಹಿಡಿದ ಹಳಿಯ ಮೇಲೆ ಸೀಟು ಎರಡು ಹಲ್ಲು ಮುಂದಕ್ಕೆ ಜಾರುತ್ತದೆ. ಮುಂದಿನ ವಾಕ್ಯದಲ್ಲಿ ಕಾರು ಸ್ಟಾರ್ಟ್ ಆಗಲಿ, ತಮ್ಮ ದಾರಿ ಹೇಳಲಿ.