ಏಡಿ ಟ್ಯಾಂಕಿಗೆ ಶಾಖ ಎಲ್ಲಿಂದ ಕೊಡ್ಬೇಕು

ಎಲ್ರಿಗೂ ನಮಸ್ಕಾರ. ಮೊದ್ಲೇ ಹೇಳ್ಬಿಡ್ತೀನಿ, ನಾನು ಮಾತಾಡ್ತಿರೋದು ನೆಲದ ಮೇಲೆ ಬದುಕೋ ಹರ್ಮಿಟ್ ಕ್ರ್ಯಾಬ್ ಬಗ್ಗೆ, ಅಂದ್ರೆ ಖಾಲಿ ಚಿಪ್ಪನ್ನ ಮನೆ ಮಾಡ್ಕೊಂಡು ಹೊತ್ತು ತಿರುಗೋ ಏಡಿ, ಕೊಯೆನೊಬಿಟ ಕುಲದ್ದು. ಸಮುದ್ರದ ನೀರಲ್ಲೇ ಇರೋ ಹರ್ಮಿಟ್ ಏಡಿಗಳ ಲೆಕ್ಕಾನೇ ಬೇರೆ, ಅದನ್ನ ಇವತ್ತು ಮುಟ್ಟಲ್ಲ.

ಏಡಿ ಸಪ್ಪಗಾಗಿದೆ, ಚಿಪ್ಪಿಂದ ಹೊರಗೇ ಬರ್ತಿಲ್ಲ ಅಂತ ಯಾರಾದ್ರೂ ಕೇಳಿದ್ರೆ ನಾನು ಊಟದ ಬಗ್ಗೆ ಕೇಳೋದೇ ಇಲ್ಲ, ಹೀಟ್ ಪ್ಯಾಡ್ (ಟ್ಯಾಂಕ್ ಬೆಚ್ಚಗಿಡೋಕೆ ಗಾಜಿಗೆ ಅಂಟಿಸೋ ಕರೆಂಟ್ ಶೀಟ್) ಎಲ್ಲಿ ಅಂಟಿಸಿದೀರಿ ಅಂತ ಕೇಳ್ತೀನಿ. ಟ್ಯಾಂಕ್ ಕೆಳಗೆ ಅಂತಾರೆ. ಅವರದ್ದೂ ತಪ್ಪಲ್ಲ ಬಿಡಿ, ಎಷ್ಟೋ ಪ್ಯಾಡ್‌ಗಳನ್ನ ಮಾರೋದೇ ಟ್ಯಾಂಕ್ ಅಡಿಗೆ ಹಾಕೋ ಹೀಟರ್ ಅಂತ.

ಈಗ ಏಡಿ ಕಡೆಯಿಂದ ನೋಡಿ. ಇವು ಉಷ್ಣವಲಯದ ಕರಾವಳಿಯ ಪ್ರಾಣಿಗಳು, ಮೈಯಲ್ಲಿ ಸ್ವಂತ ಶಾಖ ಹುಟ್ಟಿಸಿಕೊಳ್ಳಕ್ಕೆ ಬರಲ್ಲ, ಸುತ್ತ ಎಷ್ಟು ಬೆಚ್ಚಗಿದ್ಯೋ ಅಷ್ಟೇ ಅವುಗಳ ಚಟುವಟಿಕೆ. 24ರಿಂದ 29 ಡಿಗ್ರಿ ಸೆಲ್ಸಿಯಸ್ ಒಳಗೆ ಇದ್ರೆ ಆರಾಮ. ತಣ್ಣಗಾದ್ರೆ ತಿನ್ನೋದು, ಓಡಾಡೋದು ಕಮ್ಮಿ ಆಗುತ್ತೆ. ಪೊರೆ ಕಳಚೋ ಟೈಮಲ್ಲಿ ಮರಳೊಳಗೆ ಹೂತುಕೊಂಡು ವಾರಗಟ್ಟಲೆ, ದೊಡ್ಡ ಏಡಿ ಆದ್ರೆ ತಿಂಗಳುಗಟ್ಟಲೆ ಅಲ್ಲೇ ಇರುತ್ತೆ, ಅದಕ್ಕೇ ಮರಳು ಕನಿಷ್ಠ 15 ಸೆಂಟಿಮೀಟರ್ ಆಳ ಇರ್ಬೇಕು ಅನ್ನೋದು. ಆಗ ಮೈಯೆಲ್ಲಾ ಮೆತ್ತಗಿರುತ್ತೆ, ಓಡಿ ತಪ್ಪಿಸಿಕೊಳ್ಳೋ ಶಕ್ತಿನೂ ಇರಲ್ಲ. ಅಂಥಾ ಹೊತ್ತಲ್ಲಿ ಅಡಿಯಿಂದ ಪ್ಯಾಡ್ ಕಾಯ್ತಾ ಇದ್ರೆ ಪಾತ್ರೆ ಕೆಳಗೆ ಒಲೆ ಹಚ್ಚಿದಂಗೇ ಆಯ್ತಲ್ವಾ. ಇದರ ಜೊತೆಗೆ ಅಡಿಯ ಮರಳು ಒಣಗಿ ಗುಹೆ ಕುಸಿಯುತ್ತೆ. ಇಷ್ಟೆಲ್ಲಾ ಆದ್ರೂ ಮೇಲಿನ ಗಾಳಿ ಬೆಚ್ಚಗಾಗಿರಲ್ಲ, ಯಾಕಂದ್ರೆ ಅಷ್ಟು ದಪ್ಪ ಮರಳು ದಾಟಿ ಶಾಖ ಮೇಲಕ್ಕೆ ಬರೋದೇ ಕಷ್ಟ.

ಹಾಗಾಗಿ ಪ್ಯಾಡ್‌ನ ಹಿಂದಿನ ಗೋಡೆಗೆ, ಗಾಜಿನ ಹೊರಗಡೆ, ಮರಳಿನ ಮಟ್ಟಕ್ಕಿಂತ ಮೇಲೆ ಅಂಟಿಸಿ. ಸಣ್ಣ ಪ್ಯಾಡ್ ತಗೊಂಡು ಆಮೇಲೆ ಸಾಲ್ತಿಲ್ಲ ಅಂತ ಒದ್ದಾಡೋ ಬದ್ಲು ಮರಳಿನ ಮೇಲಿರೋ ಹಿಂಗೋಡೆನ ಹೆಚ್ಚುಕಮ್ಮಿ ಪೂರ್ತಿ ಮುಚ್ಚೋ ಅಳತೆದು ತಗೊಳ್ಳಿ. ಅದರ ಹಿಂದೆ ಫಾಯಿಲ್ ಇರೋ ಇನ್ಸುಲೇಷನ್ ಶೀಟ್ ಹಾಕಿದ್ರೆ ಶಾಖ ರೂಮಿಗೆ ಹೋಗೋ ಬದ್ಲು ಟ್ಯಾಂಕ್ ಕಡೆ ತಿರುಗುತ್ತೆ, ಆದ್ರೆ ಥರ್ಮೋಸ್ಟಾಟ್ (ಬೇಕಾದಷ್ಟು ಬಿಸಿಯಾದ ತಕ್ಷಣ ಹೀಟರನ್ನ ತಾನೇ ಆಫ್ ಮಾಡೋ ಸಾಧನ) ಇಲ್ದೆ ಈ ಕೆಲಸ ಖಂಡಿತ ಬೇಡ.

ಇನ್ನು ತೇವ. ಜನ ಇದನ್ನ ಬೇರೆ ವಿಷಯ ಅಂದ್ಕೋತಾರೆ, ನನ್ನ ಪ್ರಕಾರ ಶಾಖ ತೇವ ಎರಡೂ ಒಂದೇ ಸಮಸ್ಯೆ. ಈ ಏಡಿಗಳು ಉಸಿರಾಡೋದು ಮಾರ್ಪಾಡಾದ ಕಿವಿರುಗಳಿಂದ, ಅದು ಒದ್ದೆ ಇರ್ಬೇಕು, ಗಾಳೀಲಿ ಶೇ 75ರಿಂದ 85ರಷ್ಟು ತೇವ ಬೇಕು, ಅಂದ್ರೆ ಆ ಬಿಸಿಯಲ್ಲಿ ಗಾಳಿ ಹೆಚ್ಚು ಅಂದ್ರೆ ಎಷ್ಟು ನೀರಾವಿ ಹಿಡಿಯುತ್ತೋ ಅದರಲ್ಲಿ ಅಷ್ಟು ಪಾಲು. 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚು ಅಂದ್ರೆ ಸುಮಾರು 17 ಗ್ರಾಂ ನೀರಾವಿ ಹಿಡಿಯುತ್ತೆ, 27 ಡಿಗ್ರಿಗೆ ಬಂದ್ರೆ ಸುಮಾರು 26 ಗ್ರಾಂ. ಅಂದ್ರೆ 20 ಡಿಗ್ರೀಲಿ ಶೇ 80 ತೋರಿಸ್ತಿದ್ದ ಟ್ಯಾಂಕನ್ನ ಒಂದು ಹನಿ ನೀರು ಸೇರಿಸದೆ 27ಕ್ಕೆ ಕಾಯಿಸಿದ್ರೆ ಮೀಟರ್ ಶೇ 54ರ ಹತ್ರ ಇಳಿದಿರುತ್ತೆ! ನೀರು ಎಲ್ಲೂ ಹೋಗಿಲ್ಲ, ಆದ್ರೂ ಏಡಿಗೆ ಉಸಿರು ಕಟ್ಟುತ್ತೆ. ಸ್ಪ್ರೇ ಹೊಡೆದ್ರೆ ಸ್ವಲ್ಪ ಹೊತ್ತು ಮಾತ್ರ ಸರಿ ಹೋಗುತ್ತೆ, ಬಿಗಿಯಾದ ಮುಚ್ಚಳ, ಹಸಿ ಮರಳು, ಒದ್ದೆ ಪಾಚಿ, ನೀರಿನ ತೊಟ್ಟಿಗಳು, ಇವು ಇದ್ರೆ ತೇವ ನಿಲ್ಲುತ್ತೆ.

ಲ್ಯಾಂಪ್ ಹಾಕ್ಲಾ ಅಂತ ಕೇಳೋರಿಗೆ ಬೇಡ ಅಂತೀನಿ. ಮೇಲಿಂದ ಒಣಗಿಸುತ್ತೆ, ರಾತ್ರೀನೂ ಬೆಳಕು ಬೇರೆ, ಇವು ರಾತ್ರಿ ಓಡಾಡೋ ಪ್ರಾಣಿಗಳು.

ಥರ್ಮೋಸ್ಟಾಟ್ ಪ್ರೋಬ್, ಅಂದ್ರೆ ತಾಪಮಾನ ಓದೋ ಅದರ ತಂತಿಯ ತುದಿ, ಅದರ ಬಗ್ಗೆ ಒಂದು ಮಾತು. ಅದನ್ನ ಪ್ಯಾಡ್ ಇರೋ ಗಾಜಿಗೆ ತಾಗಿಸಬೇಡಿ, ಟ್ಯಾಂಕ್ ಮಧ್ಯದಲ್ಲಿ, ಮರಳಿನ ಮೇಲ್ಮಟ್ಟದ ಹತ್ರ, ಏಡಿ ಎಳೆದು ಹಾಕದಂಗೆ ಗಟ್ಟಿಯಾಗಿ ಕೂರಿಸಿ. ಪ್ರೋಬ್ ಜಾರಿ ಟ್ಯಾಂಕಿನ ಹೊರಗೆ ಬಿದ್ರೆ ಅದು ರೂಮಿನ ತಂಪನ್ನೇ ಓದ್ತಾ ಇರುತ್ತೆ, ಹೀಟರ್ ಆಫ್ ಆಗೋದೇ ಇಲ್ಲ, ಅದಕ್ಕೇ ಬೇರೆಯದೇ ಒಂದು ಡಿಜಿಟಲ್ ಮೀಟರ್ ಒಳಗಿರಲಿ. ಚಳಿಗಿಂತ ಅತಿ ಶಾಖಕ್ಕೇ ನಾನು ಜಾಸ್ತಿ ಹೆದರೋದು, ತಣ್ಣಗಾದ ಏಡಿನ ನಿಧಾನಕ್ಕೆ ಬೆಚ್ಚಗೆ ಮಾಡಿದ್ರೆ ಎಷ್ಟೋ ಸಲ ಚೇತರಿಸಿಕೊಳ್ಳುತ್ತೆ, ಬೆಂದ ಏಡಿಗೆ ಒಳಗಡೆ ಆದ ಹಾನಿ ಸರಿ ಹೋಗಲ್ಲ. ಏಡಿಯಿಂದ ಕಂದು ಬಣ್ಣದ ದ್ರವ ಸುರಿತಿದ್ರೆ ಅದು ಕೆಟ್ಟ ಸೂಚನೆ. ಕಿಟಕಿ ಬಿಸಿಲು ನೇರ ಬೀಳೋ ಜಾಗದಲ್ಲಂತೂ ಟ್ಯಾಂಕ್ ಇಡ್ಲೇಬೇಡಿ, ಗಾಜಿನ ಪೆಟ್ಟಿಗೆ ಎಷ್ಟು ಬೇಗ ಕಾಯುತ್ತೆ ಅಂತ ಗೊತ್ತೇ ಇದೆ.

ಹೊಸ ಸೆಟಪ್ ಆದ್ರೆ ಏಡಿ ಬಿಡೋಕೆ ಮುಂಚೆ ಖಾಲಿ ಟ್ಯಾಂಕನ್ನೇ ಹಗಲು ರಾತ್ರಿ ಓಡಿಸಿ, ಬೆಳಗಿನ ಜಾವದ ರೀಡಿಂಗ್ ಬರೆದಿಡಿ. ಸರಿ, ಈಗ ಪ್ರಶ್ನೆ ಕೇಳಿ, ಎಷ್ಟು ವ್ಯಾಟ್ ಪ್ಯಾಡ್ ಬೇಕು ಅಂತ ಕೇಳೋರು ಟ್ಯಾಂಕ್ ಅಳತೆ ಮತ್ತೆ ರೂಮಿನ ರಾತ್ರಿ ತಾಪಮಾನ ಎರಡನ್ನೂ ಮೊದ್ಲು ಹೇಳ್ಬೇಕು.